ಎಡದೋಣಿಯ ಸದ್ದು

ಐತಾಳರ ಹೋಟೆಲಿನ ಹಿಂಭಾಗದ ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯಲ್ಲಿ ಜಲಜಾಕ್ಷಮ್ಮನವರ ಮನೆ. ಕೋಟದ ಕಡೆಯಿಂದ ಮೈಲಾಪೂರಿಗೆ ಸೊಸೆಯಾಗಿ ಬಂದು ನಲವತ್ತೇಳು ವರ್ಷವಾಯಿತು. ಮೂರನೇ ತರಗತಿಗೇ ಶಾಲೆ ಬಿಟ್ಟವರು. ಆಮೇಲೆ ಕಲಿತದ್ದನ್ನೆಲ್ಲ ಕಿವಿಯಿಂದಲೇ ಕಲಿತರು. ಕೆಳಗೆ ಗ್ರೈಂಡರಿನಲ್ಲಿ ಉದ್ದು ತಿರುಗುತ್ತಿದ್ದರೆ, ಮೇಲೆ ಕೂತು ಬತ್ತಿ ಹೊಸೆಯುತ್ತಲೇ "ಸಾಕ್, ನಿಲ್ಸಿ, ಉದ್ದ್ ಆಯ್ತ್" ಎಂದು ಕೂಗಿ ಹೇಳುವರು. ಕೆಳಗಿನವರು ಮುಚ್ಚಳ ತೆಗೆದು ನೋಡಿದರೆ ಹಿಟ್ಟು ಬೆಣ್ಣೆಯ ಹಾಗೆ ಉಬ್ಬಿ ನಿಂತಿರುತ್ತಿತ್ತು. ವಾರಕ್ಕೆ ಮೂರು ಮೂಟೆ ತೆಂಗಿನಕಾಯಿ ಬಂದರೆ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ, ಕೊಳೆತದ್ದನ್ನು ಬೇರೆ ಇಡುವ ಕೆಲಸ ಅವರದು. ಪಾತ್ರೆ ಕೊಳ್ಳಲು ಹೋದರೆ ಸೊಂಟದ ಚೀಲದಿಂದ ಒಂದು ಹಳೆಯ ದಪ್ಪ ಐದು ರೂಪಾಯಿ ನಾಣ್ಯ ತೆಗೆದು ಪಾತ್ರೆಯ ಮೈಗೆಲ್ಲ ತಟ್ಟಿ ಕೇಳುವರು. ಪಾತ್ರೆ ಅಂಗಡಿಯವನು ಅವರು ಬರುವುದು ಕಂಡರೆ ಕೂದಲೆಳೆ ಸೀಳಿದ ಮಾಲನ್ನೂ ಮೊದಲೇ ಒಳಗೆ ಸಾಗಿಸುತ್ತಿದ್ದ.

ಇಂಥ ಕಿವಿಯ ಹೆಂಗಸಿನ ಎದುರು ಗಂಡ ರಘುರಾಮ ಐತಾಳರು ಆರು ವರ್ಷ ಒಂದೇ ಸುಳ್ಳು ಹೇಳಿಕೊಂಡು ಬಂದರು.

ಭಾನುವಾರ ಬೆಳಕು ಹರಿಯುವ ಮೊದಲೇ ಎದ್ದು "ಕೋಯಂಬೇಡಿಗೆ ಹೋಯ್ ಬತ್ತೆ, ತರಕಾರಿ ಕಾಣುಕೆ" ಎಂದು ಹೊರಡುವರು. ಹನ್ನೊಂದು ಗಂಟೆಗೆ ಎರಡು ಚೀಲ ತರಕಾರಿಯೊಂದಿಗೆ ಬರುವರು. ತರಕಾರಿ ಒಳ್ಳೆಯದೇ. ಆದರೆ ಅಂಗಿ ಒಗೆಯಲು ನೆನೆಸಿದರೆ ಬಕೆಟ್ಟಿನ ತಳದಲ್ಲಿ ಮರಳು ಕೂರುತ್ತಿತ್ತು. ಸ್ನಾನದ ಮನೆಯಿಂದ ಹೊರಬಂದವರು ಒಂಟಿ ಕಾಲಿನಲ್ಲಿ ಕುಪ್ಪಳಿಸಿ ಕಿವಿಯ ನೀರು ತೆಗೆಯುತ್ತಿದ್ದರು. ಇಡೀ ವಾರ ಕಾವಲಿಯ ಮುಂದೆ ನಿಂತು ಒಂದು ಹಾಡೂ ಗುನುಗದ ಮನುಷ್ಯ ಭಾನುವಾರ ಮಧ್ಯಾಹ್ನ ಊಟ ಮಾಡುತ್ತ ಸಣ್ಣಗೆ ಗುನುಗುತ್ತಿದ್ದರು. ಜಲಜಾಕ್ಷಮ್ಮ ಎಲ್ಲವನ್ನೂ ಗಮನಿಸಿದರು, ಕೇಳಲಿಲ್ಲ. ಕೇಳಿದರೆ ಪಾಪ ಇನ್ನೊಂದು ಸುಳ್ಳು ಹುಡುಕಬೇಕಾಗುತ್ತದೆ ಎಂದು ಸುಮ್ಮನಿದ್ದರು.

ಈ ವರ್ಷ ಪೊಂಗಲ್ ಕಳೆದ ಮೇಲೆ ಒಂದು ದಿನ ಅದು ತಾನಾಗಿಯೇ ಹೊರಬಿತ್ತು. ಐತಾಳರು ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡು, ಅದನ್ನು ಕುಡಿಯದೆ, ಹೆಂಡತಿಯ ಎದುರು ಕೂತರು.

"ಕೇಂತಾ ಹೆಣೆ. ನಾನ್ ಭಾನುವಾರ ಕೋಯಂಬೇಡಿಗೆ ಹೋಪುದಲ್ಲ."

"ಗೊತ್ತಿತ್."

"ಎಂತ ಗೊತ್ತಿತ್?"

"ಸಮುದ್ರಕ್ ಹೋತ್ರಿ. ಎಂತಕ್ ಅಂತ ಮಾತ್ರ ಗೊತ್ತಿಲ್ಲೆ. ತರಕಾರಿ ಅಡ್ಯಾರಿನ ಅಂಗಡಿದ್, ಅಲ್ದಾ? ಕೋಯಂಬೇಡಿನ್ ಬದನೆಗೆ ತೊಟ್ಟ್ ಅಷ್ಟ್ ಚಂದ ಇಪ್ಪುದಿಲ್ಲೆ."

ಐತಾಳರಿಗೆ ನಗಬೇಕೋ ನಾಚಬೇಕೋ ತಿಳಿಯಲಿಲ್ಲ. ಕಾಫಿ ಕುಡಿದು ಎಲ್ಲ ಹೇಳಿದರು. ಹೋಟೆಲಿಗೆ ದಿನಾ ಬರುವ ಗಿರಾಕಿ ಶಾಂತವೀರಪ್ಪನವರು, ರಾಣೆಬೆನ್ನೂರಿನವರು, ಹಡಗಿನ ಎಂಜಿನ್ನಿನ ಕೆಲಸದಲ್ಲಿ ಮೂವತ್ತೈದು ವರ್ಷ ಇದ್ದು ನಿವೃತ್ತರಾದವರು. ಅವರ ಬಳಿ ಒಂದು ಹಾಯಿಯ ಕ್ಯಾಟಮರಾನ್ ಇದೆ. ಎರಡು ಸಪೂರ ದೋಣಿಗಳನ್ನು ಅಕ್ಕಪಕ್ಕ ಇಟ್ಟು ಅಡ್ಡಕಂಬಗಳಿಂದ ಜೋಡಿಸಿದ್ದು, ನಡುವೆ ಕೂರಲು ಬಿಗಿದ ಬಲೆ. ಎಂಜಿನ್ ಇಲ್ಲ. ಇಪ್ಪತ್ತೈದು ವರ್ಷ ಹಳೆಯದು, ಕೋವಳಂ ಕಡಲಕರೆಯ ಗಾಳಿಮರಗಳ ಕೆಳಗೆ ಇರುತ್ತದೆ. ಆರು ವರ್ಷದಿಂದ ಇಬ್ಬರೂ ಭಾನುವಾರ ಅದರಲ್ಲಿ ಸಮುದ್ರಕ್ಕೆ ಹೋಗುತ್ತಿದ್ದರು. ಮೊದಲು ಐತಾಳರು ಬರೀ ಹಗ್ಗ ಹಿಡಿಯುತ್ತಿದ್ದರು, ಆಮೇಲೆ ಚುಕ್ಕಾಣಿಯನ್ನೇ ಹಿಡಿದರು. ಈಗ ಶಾಂತವೀರಪ್ಪನವರ ಎರಡೂ ಮಂಡಿ ಕೆಟ್ಟಿವೆ. ದೋಣಿ ಮಾರುತ್ತಾರೆ.

"ನಾನ್ ತಕಂಡ್ರೆ ನಂಗೆ ಕೊಡ್ತ್ರಂಬ್ರ್. ಇಲ್ದಿರೆ ಒಬ್ಬ ರೆಸಾರ್ಟಿನವ ಕೇಣ್ತಾ ಇದ್ದ. ಅದನ್ನ ತೋಟದಲ್ ನಿಲ್ಸಿ, ಹೂವಿನ್ ಗಿಡ ನೆಟ್ಟ್, ಬಂದವ್ರಿಗೆ ಫೋಟೋ ತೆಗೂಕೆ ಇಡ್ತ್ನಂಬ್ರ್." ಐತಾಳರು ಲೋಟವನ್ನು ಕೆಳಗಿಟ್ಟರು. "ನೀ ಬ್ಯಾಡ ಅಂದ್ರೆ ಬ್ಯಾಡ. ಮತ್ತೆ ಆ ಮಾತ್ ಎತ್ತುದಿಲ್ಲೆ. ಆದ್ರೆ ಒಂದ್ ಸಲ ಬಂದ್ ಕಾಣ್, ಕಂಡ್ ಹೇಳ್."

ಮಗಳು ನಿಖಿತಾ ಈಗ ಹೋಟೆಲಿನ ಗಲ್ಲಾದಲ್ಲಿ ಕೂರುವವಳು. ಸುದ್ದಿ ಕೇಳಿ ಮೆಟ್ಟಿಲು ಹತ್ತಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಅಮ್ಮಾ, ಅಪ್ಪಂಗೆ ಅರವತ್ತೆಂಟ್. ಎದೆಗೆ ಸ್ಟೆಂಟ್ ಹಾಕಿ ಎರಡ್ ವರ್ಷ ಆಯ್ಲಿಲ್ಲೆ. ಬೇರೆಯವ್ರ್ ಮೊಮ್ಮಕ್ಳನ್ನ ಪಾರ್ಕಿಗೆ ಕರ್ಕಂಡ್ ಹೋತ್ರ್, ಇವ್ರಿಗೆ ಬೋಟ್ ಬೇಕಂಬ್ರ್. ನೀ ಖಂಡಿತ ಬ್ಯಾಡ ಅನ್ಕ್, ಆಯ್ತಾ?"

"ಆಯ್ತ್" ಎಂದರು ಜಲಜಾಕ್ಷಮ್ಮ. ಅವರಿಗೂ ಅದೇ ಮನಸ್ಸಿತ್ತು. ಸಮುದ್ರದಿಂದ ಕಾಲುಗಂಟೆಯ ದಾರಿಯಲ್ಲಿ ಇಷ್ಟು ವರ್ಷ ಬಾಳಿದ್ದರೂ ಮರೀನಾದಲ್ಲಿ ಪಾದ ನೆನೆಸಿಕೊಂಡು, ಸುಂಡಲ್ ತಿಂದು ಬಂದದ್ದಕ್ಕಿಂತ ಹೆಚ್ಚಿನ ಸಂಬಂಧ ಅವರು ಅದರೊಂದಿಗೆ ಇಟ್ಟುಕೊಂಡಿರಲಿಲ್ಲ. ಬೇಡ ಎಂಬ ಮಾತನ್ನು ಗಂಟು ಕಟ್ಟಿಕೊಂಡೇ ಅವರು ಆ ಭಾನುವಾರ ಕೋವಳಂ ವ್ಯಾನು ಹತ್ತಿದರು.

ಗಾಳಿಮರಗಳ ಕೆಳಗೆ ಅದು ಮಲಗಿತ್ತು. ಒಂದು ಕಾಲಕ್ಕೆ ನೀಲಿ ಬಣ್ಣ ಇದ್ದಿರಬೇಕು, ಈಗ ಹಲವು ಸಲ ಒಗೆದ ಲುಂಗಿಯ ಬಣ್ಣ. ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲೆ ಶಾಂತವೀರಪ್ಪನವರು, ಹಣೆಗೆ ಮೂರು ಬೆರಳ ವಿಭೂತಿ, ಕಿವಿಯಲ್ಲಿ ಯಂತ್ರ.

"ಬರ್ರಿ ಅಕ್ಕಾರ, ಬರ್ರಿ. ನಿಮ್ಮ ಯಜಮಾನ್ರನ್ನ ಆರು ವರ್ಷ ನಾನ ಕದ್ದೀನಿ. ಬೈಯೋದಿದ್ರ ಈಗ ಬೈದ್ಬಿಡ್ರಿ."

"ಬೈಯುಕೆ ಎಂತ ಇತ್ತ್? ತರಕಾರಿ ಸರಿಯಾಗೇ ತಂದ್ಕೊಡ್ತಿದ್ರ್" ಎಂದರು ಜಲಜಾಕ್ಷಮ್ಮ.

ಅಷ್ಟರಲ್ಲಿ ಕುಡಿಯುವ ನೀರು ತುಂಬಿದ ತಣ್ಣಿ ಲಾರಿ ಬಂದು ನಿಂತಿತು. ಅದನ್ನು ಕರೆಸಿದವರು ಐತಾಳರು. ಅವರ ಹೋಟೆಲಿನಲ್ಲಿ ಐತಾಳರ ಅಪ್ಪನ ಕಾಲದಿಂದ ಒಂದು ಪದ್ಧತಿ. ಹೊಸ ಕೊಪ್ಪರಿಗೆಯಾಗಲಿ, ಹಳೆಯ ಹಂಡೆಯಾಗಲಿ, ಒಳಗೆ ಸೇರಿಸುವ ಮೊದಲು ಒಣ ಪೇಪರಿನ ಮೇಲಿಟ್ಟು ನೀರು ತುಂಬಿಸಿ ಮೂರು ಗಂಟೆ ಬಿಡುವುದು. ಪೇಪರು ಒದ್ದೆಯಾದರೆ ಪಾತ್ರೆ ವಾಪಸು. ಇದೂ ಒಂದು ಪಾತ್ರೆಯೇ ಅಲ್ಲವೇ ಎಂದು ಐತಾಳರು ಎರಡೂ ದೋಣಿಗಳ ಕೆಳಗೆ ಹಿಂದಿನ ವಾರದ ಪೇಪರುಗಳನ್ನೆಲ್ಲ ಹಾಸಿ, ಮೇಲಿನ ದುಂಡು ಮುಚ್ಚಳ ತೆಗೆದು, ಲಾರಿಯ ಪೈಪು ಇಳಿಬಿಟ್ಟರು.

ಶಾಂತವೀರಪ್ಪನವರು ಕುರ್ಚಿಯಿಂದ ಅರ್ಧ ಎದ್ದರು. "ಏನ್ರಿ ಐತಾಳ್ರ ಇದು. ದೋಣಿಗೆ ಹೊರಗಿನ ನೀರು ಒಳಗ ಬರಬಾರದ್ರಿ. ನೀವು ಒಳಗಿನದು ಹೊರಗ ಬರತೈತೇನು ಅಂತ ನೋಡಾಕ ಹತ್ತೀರಿ."

"ಹೊರಗೆ ಬಿಡದ್ದ್ ಒಳಗೂ ಬಿಡೂದಿಲ್ಲೆ ಮಾರಾಯ್ರೆ."

"ಸಾಂಬಾರು ಮಾಡಿಬಿಡ್ರಿ ಹಂಗಾರ, ಅಷ್ಟ ಬಾಕಿ."

ಊರಿನ ಮೀನುಗಾರರ ಫೈಬರ್ ದೋಣಿಗಳನ್ನು ರಿಪೇರಿ ಮಾಡುವ ಸಾಯಿ ಎಂಬವನು ಸೊಂಟಕ್ಕೆ ಕೈಕೊಟ್ಟು ನಿಂತು ಈ ಪೂಜೆಯನ್ನು ನೋಡಿದ. ತನ್ನ ಇಪ್ಪತ್ತು ವರ್ಷದ ಕಸುಬಿನಲ್ಲಿ ಯಾರೂ ದೋಣಿಗೆ ಕುಡಿಯುವ ನೀರು ಕುಡಿಸಿದ್ದು ಕಂಡಿಲ್ಲ ಎಂದು ತಮಿಳಿನಲ್ಲಿ ಹೇಳಿ ನಕ್ಕ. ಮೂರು ಗಂಟೆ ಎಲ್ಲರೂ ನೆರಳಲ್ಲಿ ಕೂತು, ಜಲಜಾಕ್ಷಮ್ಮ ಕಟ್ಟಿ ತಂದಿದ್ದ ಇಡ್ಲಿ ತಿಂದರು. ಆಮೇಲೆ ಐತಾಳರು ಮಂಡಿಯೂರಿ ಪೇಪರುಗಳನ್ನು ಒಂದೊಂದಾಗಿ ಎಳೆದು ತೆಗೆದರು. ಒಂದರಲ್ಲೂ ಹನಿ ಇಲ್ಲ. ಪೇಪರು ಕೈಯಲ್ಲಿ ಹಿಡಿದುಕೊಂಡು ಅವರು ಹೆಂಡತಿಯ ಕಡೆ ತಿರುಗಿದಾಗ, ಆ ಮುಖ ಕಂಡು ಜಲಜಾಕ್ಷಮ್ಮ ಗಂಟು ಕಟ್ಟಿ ತಂದಿದ್ದ ಮಾತನ್ನು ಆಗಲೇ ಬಿಚ್ಚಲಾಗಲಿಲ್ಲ.

ನೀರು ಹೊರಬಿಟ್ಟು, ಗಂಡಸರು ಹಾಯಿ ಬಿಡಿಸಲು ಹೋದರು. ಜಲಜಾಕ್ಷಮ್ಮ ಒಬ್ಬರೇ ಉಳಿದರು. ಮಾಡಲು ಬೇರೆ ಕೆಲಸವಿರಲಿಲ್ಲ. ಕೈ ತಾನಾಗಿಯೇ ಸೊಂಟದ ಚೀಲಕ್ಕೆ ಹೋಗಿ ಆ ದಪ್ಪ ನಾಣ್ಯ ತೆಗೆಯಿತು.

ಬಲದೋಣಿಯ ಮೂತಿಯಿಂದ ಶುರುಮಾಡಿ ಗೇಣಿಗೊಂದು ಸಲ ತಟ್ಟುತ್ತ ಹಿಂದಕ್ಕೆ ಬಂದರು. ಟಣ್, ಟಣ್. ಒಣಗಿದ ಗಟ್ಟಿ ಕಾಯಿಯ ಸದ್ದು, ತುದಿಯಿಂದ ತುದಿಗೆ ಒಂದೇ ಸಮ. ಎಡದೋಣಿಗೆ ಬಂದರು. ಅಲ್ಲಿಯೂ ಟಣ್, ಟಣ್. ಮುಂದಿನ ಅಡ್ಡಕಂಬ ಸೇರುವ ಜಾಗಕ್ಕಿಂತ ಒಂದು ಮೊಳ ಮುಂದೆ ಸದ್ದು ಸತ್ತಿತು. ಠಪ್. ಮತ್ತೆ ತಟ್ಟಿದರು. ಠಪ್. ನೀರಿನ ಪಸೆಯಿರಬಹುದು ಎಂದು ಸೆರಗಿನಿಂದ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು, ಗೆಣ್ಣಿನಿಂದ ಕುಟ್ಟಿದರು. ಒಳಗೆ ತಿರುಳು ಬಿಟ್ಟುಕೊಂಡ ಕಾಯಿ ಹೀಗೇ ಸದ್ದು ಮಾಡುತ್ತದೆ. ಹೊರಗಿನ ಚಿಪ್ಪು ನೆಟ್ಟಗೇ ಇರುತ್ತದೆ, ನೀರೂ ಸೋರುವುದಿಲ್ಲ, ಒಳಗಿನದು ಮಾತ್ರ ಕೈಬಿಟ್ಟಿರುತ್ತದೆ.

ಪೇಪರು ಒಣಗಿಯೇ ಇತ್ತು. ಗಂಡ ಪಾತ್ರೆಯನ್ನು ಪರೀಕ್ಷೆ ಮಾಡಿದ್ದರು. ಒಲೆಯ ಮೇಲೆ ಅಲ್ಲಾಡದೆ ಕೂರುವ ಪಾತ್ರೆಗೆ ಆ ಪರೀಕ್ಷೆ ಸಾಕು. ದಿನವಿಡೀ ಅಲೆಯ ಏಟು ತಿನ್ನುವುದಕ್ಕೆ ಸಾಲದು.

ಬೇಡ ಎನ್ನಲು ಇದಕ್ಕಿಂತ ಒಳ್ಳೆಯ ಕಾರಣ ಯಾರೂ ಹುಡುಕಿ ಕೊಡಲಾರರು. ಗಂಡನ ವಯಸ್ಸಿನ ಮಾತೆತ್ತಬೇಕಿಲ್ಲ, ಎದೆಯ ಮಾತೆತ್ತಬೇಕಿಲ್ಲ. ಮನಸ್ಸು ನೋಯಿಸದೆ ಮುಗಿಸಬಹುದು. ಹಾಗೆಂದುಕೊಂಡು ಅವರು ನಾಣ್ಯವನ್ನು ಚೀಲಕ್ಕೆ ಹಾಕುವಷ್ಟರಲ್ಲಿ ಐತಾಳರು ಬಂದು ಒಂದು ಲೈಫ್ ಜಾಕೆಟ್ ಚಾಚಿದರು.

"ಒಂದೇ ಸುತ್ತ್. ಸಾಯಿ ಇರ್ತ. ಗಾಳಿ ಮೆತ್ತಗಿತ್ತ್. ಬಾ."

ಹೋದ ವಾರವೂ ಇದೇ ದೋಣಿ ಹೋಗಿ ಬಂದಿದೆ, ಇವತ್ತು ಬಿರಿಯಲಿಕ್ಕಿಲ್ಲ ಎಂದು ಜಲಜಾಕ್ಷಮ್ಮ ಲೆಕ್ಕ ಹಾಕಿದರು. ಅದಕ್ಕಿಂತ ಹೆಚ್ಚಾಗಿ, ತನ್ನ ಗಂಡನ ಆರು ವರ್ಷದ ಭಾನುವಾರಗಳು ಎಲ್ಲಿ ಹೋದವು ಎಂದು ಒಮ್ಮೆ ನೋಡಬೇಕೆನಿಸಿತು. ಸೀರೆಯನ್ನು ಕಚ್ಚೆಯ ಹಾಗೆ ಎಳೆದು ಸಿಕ್ಕಿಸಿ, ಬಲೆಯ ಮೇಲೆ ಹತ್ತಿ ಕೂತರು.

ನಾಲ್ಕು ಮಂದಿ ಮೀನುಗಾರರು ದೂಡಿದರು. ಮೊದಲ ಅಲೆ ಮುಖಕ್ಕೇ ಬಡಿಯಿತು. ಎರಡನೆಯದು ದೋಣಿಯನ್ನು ಎತ್ತಿ ಕುಕ್ಕಿತು. ಜಲಜಾಕ್ಷಮ್ಮ ಬಲೆಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಮೂರನೆಯದಕ್ಕೆ ಕಾದರು. ಅದು ಬರಲಿಲ್ಲ. ತಲೆಯ ಮೇಲೆ ಹಾಯಿ ಪಟಪಟ ಬಡಿದುಕೊಂಡು, ಇದ್ದಕ್ಕಿದ್ದಂತೆ ಉಸಿರು ತುಂಬಿಕೊಂಡು ಸುಮ್ಮನಾಯಿತು.

ಕಣ್ಣು ತೆರೆದರೆ ದಡ ಹಿಂದೆ ಸರಿಯುತ್ತಿತ್ತು. ಚರ್ಚಿನ ಶಿಲುಬೆ, ಗಾಳಿಮರಗಳು, ಅದರಾಚೆ ಈಸಿಆರ್ ರಸ್ತೆಯ ಎತ್ತರದ ಫ್ಲ್ಯಾಟುಗಳು. ಎಲ್ಲ ನವರಾತ್ರಿಯ ಗೊಂಬೆ ಕೂರಿಸಿದ ಹಾಗೆ ಸಣ್ಣಸಣ್ಣಗೆ ಸಾಲಾಗಿ ಕಂಡವು. ಯಾರೂ ದೂಡುತ್ತಿರಲಿಲ್ಲ, ಏನೂ ಉರಿಯುತ್ತಿರಲಿಲ್ಲ, ತಿರುಗುತ್ತಿರಲಿಲ್ಲ. ಆದರೂ ಬಲೆಯ ಕೆಳಗೆ ಹಸಿರು ನೀರು ಹೊಳೆಯ ಹಾಗೆ ಓಡುತ್ತಿತ್ತು.

ಆಗ ಅವರಿಗೆ ಒಂದು ಗೊತ್ತಾಯಿತು. ಮದುವೆಯಾಗಿ ಬಂದ ದಿನದಿಂದ ಅವರ ಕಿವಿಯಲ್ಲಿ ಗ್ರೈಂಡರು, ಬಾಯ್ಲರು, ಬಸ್ಸು, ಆಟೋ, ತಟ್ಟೆ ಲೋಟ ಬಿಡದೆ ಸದ್ದು ಮಾಡುತ್ತಲೇ ಇದ್ದವು. ನಿದ್ದೆಯಲ್ಲಿ ಕೂಡ ಅವು ನಿಂತಿರಲಿಲ್ಲ. ಇಲ್ಲಿ ನಿಂತಿದ್ದವು. ಅವು ಬಿಟ್ಟುಹೋದ ಜಾಗ ಎಷ್ಟು ದೊಡ್ಡದಾಗಿತ್ತೆಂದರೆ ಅದರಲ್ಲಿ ಸಣ್ಣಸಣ್ಣದೆಲ್ಲ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು. ಹಗ್ಗ ಬಿಗಿಯುವುದು, ಬಲದೋಣಿ ನೀರು ಸೀಳುವುದು, ಗಾಳಿ ಹಾಯಿಯ ಅಂಚನ್ನು ಸವರುವುದು. ಊರಿನ ಬಾವಿಗೆ ಬಗ್ಗಿ ಕೇಳಿದ ಮೇಲೆ ಇಂಥದ್ದು ಕೇಳಿರಲಿಲ್ಲ. ಅವರು ಉಸಿರನ್ನೂ ಮೆಲ್ಲಗೆ ಬಿಟ್ಟರು, ಸದ್ದಾದೀತೆಂದು.

ಗಂಡನನ್ನು ನೋಡಿದರು. ಕಾವಲಿಯ ಮುಂದೆ ಬಾಗಿ ಬಾಗಿ ಬೆನ್ನು ಬಿಲ್ಲಾಗಿದ್ದ ಮನುಷ್ಯ ಹಿಂದೆ ಚುಕ್ಕಾಣಿ ಹಿಡಿದು ನೆಟ್ಟಗೆ ಕೂತಿದ್ದರು. ಕಣ್ಣು ಹಾಯಿಯ ತುದಿಯಲ್ಲಿ. "ಸಾಯಿ, ಕೊಂಜಂ ವಿಡು" ಎಂದು ಮೆಲ್ಲಗೆ ಹೇಳಿದರು. ಸಾಯಿ ಹಗ್ಗ ಸ್ವಲ್ಪ ಸಡಿಲಬಿಟ್ಟ. ದೋಣಿ ತಲೆಯಾಡಿಸಿ ಒಪ್ಪಿದ ಹಾಗೆ ತಿರುಗಿತು. ಇಷ್ಟು ವರ್ಷ ಜೊತೆಗೆ ಬಾಳಿದವರು ಇವರೇ ಹೌದೇ ಎಂದು ಜಲಜಾಕ್ಷಮ್ಮ ಮತ್ತೊಮ್ಮೆ ನೋಡಿದರು.

ಹತ್ತಿರದಲ್ಲಿ ಯಾರೋ ಉಸಿರು ಬಿಟ್ಟರು. ಪುಸ್ ಎಂದು, ದಣಿದ ಮುದುಕಿಯೊಬ್ಬಳು ಮೆಟ್ಟಿಲ ಮೇಲೆ ಕೂತು ಬಿಟ್ಟ ಹಾಗೆ. ಅವರು ತಿರುಗಿದರು. ನಾಲ್ಕು ಮಾರು ದೂರದಲ್ಲಿ ನೀರಿನ ಮೇಲೆ ಒಂದು ತಲೆ, ಅದರ ಹಿಂದೆ ಹಂಡೆಯ ಮುಚ್ಚಳದಷ್ಟು ಅಗಲದ ಬೆನ್ನು. ಕಡಲಾಮೆ. ಮೊಟ್ಟೆಯಿಡಲು ಕರೆಗೆ ಬರುವ ತಿಂಗಳಿದು ಎಂದು ಸಾಯಿ ಪಿಸುಗುಟ್ಟಿದ. ಆಮೆ ಒದ್ದೆ ಕಣ್ಣಿನಿಂದ ಅವರನ್ನು ನೋಡಿತು, ಇನ್ನೊಂದು ಸಲ ಉಸಿರು ಬಿಟ್ಟಿತು, ಅವಸರವಿಲ್ಲದೆ ಕೆಳಗಿಳಿದು ಹೋಯಿತು. ಜಲಜಾಕ್ಷಮ್ಮನವರ ಕೈಗಳು ತಾವಾಗಿಯೇ ಕೂಡಿಕೊಂಡಿದ್ದವು. ಹಗ್ಗ ಬಿಟ್ಟದ್ದು ಆಮೇಲೆ ತಿಳಿಯಿತು.

ಆ ನಿಶ್ಶಬ್ದದಲ್ಲಿ ಅವರಿಗೆ ಅದೂ ಕೇಳಿಸಿತು. ಅಲೆ ಬಂದಾಗ ಬಲದೋಣಿ ಚಳ್ ಎನ್ನುತ್ತಿತ್ತು. ಎಡದೋಣಿ ಚಳ್ ಎಂದ ಮೇಲೆ, ತಳ ಸಡಿಲಾದ ಡಬ್ಬಿಯ ಹಾಗೆ ಸಣ್ಣಗೆ ಟಪ್ ಎನ್ನುತ್ತಿತ್ತು. ಪ್ರತಿ ಅಲೆಗೂ. ಒಂದು ಗಂಟೆಯ ಹಿಂದೆ ಈ ಸದ್ದು ಅವರಿಗೆ ಅನುಕೂಲವಾಗಿತ್ತು. ಈಗ ಅದು ಕೇಳಿಸದೇ ಇದ್ದಿದ್ದರೆ ಎನಿಸಿತು. ಹೇಳಿದರೆ ಈ ದೋಣಿ ರೆಸಾರ್ಟಿನ ತೋಟಕ್ಕೆ ಹೋಗುತ್ತದೆ. ಹೇಳದಿದ್ದರೆ ಒಂದು ದಿನ, ಗಾಳಿ ಜೋರಾದ ದಿನ, ಈ ಮನುಷ್ಯ ಇದರ ಮೇಲಿರುತ್ತಾರೆ. ದಡ ಬರುವವರೆಗೂ ಅವರು ಆ ಟಪ್ ಎಂಬುದನ್ನೇ ಕೇಳುತ್ತ ಕೂತರು.

ಮರಳಿನ ಮೇಲೆ ಇಳಿದೊಡನೆ ಹೇಳಿದರು. ತಡ ಮಾಡಿದರೆ ಹೇಳಲಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

"ಕೇಣಿ. ಎಡದ್ದ್ ಸರಿ ಇಲ್ಲೆ. ಮುಂದೆ, ಕಂಬದ ಹತ್ರ, ಒಳಗೆ ಬಿಟ್ಕಂಡಿತ್."

ಶಾಂತವೀರಪ್ಪನವರು ಕೋಲೂರಿಕೊಂಡು ಬಂದರು. ಜಲಜಾಕ್ಷಮ್ಮ ನಾಣ್ಯ ತೆಗೆದು ತಟ್ಟಿ ತೋರಿಸಿದರು. ಟಣ್, ಟಣ್, ಠಪ್. ಐತಾಳರು ಬಗ್ಗಿ ಕೇಳಿದರು. ಅವರ ಮುಖ ಬಾಡಿತು. ಶಾಂತವೀರಪ್ಪನವರು ಕಿವಿಯ ಯಂತ್ರ ಸರಿಪಡಿಸಿಕೊಂಡು, ದೋಣಿಗೆ ಕೆನ್ನೆಯಿಟ್ಟು, ತಾವೇ ತಟ್ಟಿ ನೋಡಿದರು.

"ನನ್ನ ಕಿವಿಗೆ ಎಲ್ಲಾ ಒಂದ ಸಮ ಕೇಳತೈತ್ರಿ ಅಕ್ಕಾರ. ಎಂಜಿನ್ ರೂಮ್ ನನ್ನ ಕಿವಿ ತಿಂದುಬಿಟ್ಟೈತಿ." ಅವರು ಕೆನ್ನೆ ತೆಗೆದು ಐತಾಳರ ಕಡೆ ತಿರುಗಿದರು. "ನಾನು ಇವ್ರನ್ನ ಇದರ ಮ್ಯಾಲ ಕೂಡಿಸ್ಕೊಂಡು ತಿರುಗೀನಿ. ಎಷ್ಟು ದಿನದಿಂದ ಹಿಂಗೈತೋ ಏನೋ." ಆಮೇಲೆ ಅಂಗಿಯ ಜೇಬಿನ ಸಣ್ಣ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಚಾಚಿದರು. "ತಗೋರಿ. ಎಲ್ಲೆಲ್ಲಿ ಕೆಟ್ಟೈತಿ, ಇದರಾಗ ಗೆರಿ ಹಾಕ್ರಿ."

"ಅಯ್ಯೋ, ವಿಭೂತಿಯಂಗಾ?"

"ಹಾಕ್ರಿ ತಾಯಿ. ಜೀವ ಉಳಿಸೋ ಕೆಲಸಕ್ಕ ಅದು ಬ್ಯಾಡ ಅನ್ನಂಗಿಲ್ಲ."

ಜಲಜಾಕ್ಷಮ್ಮ ಮರಳಿನಲ್ಲಿ ಮಂಡಿಯೂರಿ ಕೂತರು. ಒಂದು ಕೈಯಲ್ಲಿ ನಾಣ್ಯ, ಇನ್ನೊಂದರಲ್ಲಿ ವಿಭೂತಿ. ತಟ್ಟುವುದು, ಕೇಳುವುದು, ಚುಕ್ಕೆಯಿಡುವುದು. ದೂಡಲು ಬಂದಿದ್ದ ಮೀನುಗಾರರೂ ಹೋಗದೆ ನಿಂತರು. ಕಾಲು ಗಂಟೆಯ ಹೊತ್ತಿಗೆ ಚುಕ್ಕೆಗಳು ಸೇರಿ, ಬಣ್ಣಗೆಟ್ಟ ನೀಲಿಯ ಮೇಲೆ ದೊಡ್ಡ ಮಸಾಲೆ ದೋಸೆಯಷ್ಟು ಅಗಲದ ಜಾಗಕ್ಕೆ ಒಂದು ಬಿಳಿ ಸುತ್ತುಗೆರೆ ಮೂಡಿತು. ಸಾಯಿ ಅದರ ನಡುವೆ ಸಣ್ಣ ಡ್ರಿಲ್ಲಿನಿಂದ ತೂತು ಕೊರೆದ. ಕಂದು ಬಣ್ಣದ ಒಂದು ಹನಿ ಇಳಿಯಿತು. ಗೆರೆಯ ಹೊರಗೆ ಎರಡು ಬೆರಳಿನಷ್ಟು ಆಚೆ ಕೊರೆದ. ಒಣ ಬಿಳಿ ಪುಡಿ ಬಂತು. ಅವನು ಡ್ರಿಲ್ ಕೆಳಗಿಟ್ಟು ಅವರ ಮುಖ ನೋಡಿದ.

"ಅಮ್ಮಾ, ಅದು ಕಾದಾ, ಇಲ್ಲೆ ಸ್ಕ್ಯಾನ್ ಮಿಷಿನಾ?"

ಕಿವಿಯೋ ಸ್ಕ್ಯಾನ್ ಯಂತ್ರವೋ ಎಂದು ಕೇಳಿದ್ದಕ್ಕೆ ಜಲಜಾಕ್ಷಮ್ಮ ನಗಲಿಲ್ಲ. ಗಂಡ ಹಾಯಿಯನ್ನು ಮಡಚತೊಡಗಿದ್ದರು. ಅದನ್ನು ಮಡಚುವ ರೀತಿಯಲ್ಲೇ ಅವರು ಎಲ್ಲ ಬಿಟ್ಟಾಯಿತೆಂದು ತಿಳಿಯುತ್ತಿತ್ತು.

"ಹೋಪ. ನೀ ಬ್ಯಾಡ ಅಂದದ್ದ್ ಒಳ್ಳೇದಾಯ್ತ್" ಎಂದರು ಐತಾಳರು.

"ನಾನ್ ಎಲ್ಲಿ ಬ್ಯಾಡ ಅಂದೆ?"

ಐತಾಳರ ಕೈ ನಿಂತಿತು.

"ಬ್ಯಾಡ ಅನ್ನುಕೇ ಬಂದದ್ದ್ ಹೌದ್. ಮಗಳಿಗೂ ಹೇಳಿ ಬಂದಿದ್ದೆ. ಈಗ ಬಾಯಿಗ್ ಬತ್ತಿಲ್ಲೆ." ಅವರು ಸಾಯಿಯ ಕಡೆ ತಿರುಗಿ, ಇದನ್ನು ಸರಿ ಮಾಡಲಾದೀತೇ ಎಂದು ತಮಿಳಿನಲ್ಲಿ ಕೇಳಿದರು. ಫೈಬರಿನ ಎರಡು ಪದರಗಳ ನಡುವಿನ ಕೆಟ್ಟ ತಿರುಳನ್ನು ಕೆತ್ತಿ ತೆಗೆದು, ಒಣಗಿಸಿ, ಹೊಸದು ಕೂರಿಸಿ, ಮೇಲೆ ಫೈಬರ್ ಹಾಕಿದರೆ ಆಗುತ್ತದೆ, ಗೆರೆ ಹಾಕಿ ಕೊಟ್ಟದ್ದರಿಂದ ಸುಲಭ, ಮೂರು ವಾರ ಬೇಕು ಎಂದ ಅವನು. ಜಲಜಾಕ್ಷಮ್ಮ ಎದ್ದು ಸೀರೆಯ ಮರಳು ಕೊಡವಿದರು. "ಮೂರ್ ವಾರ ಇದನ್ನ ನೀರಿಗ್ ಹಾಕುದ್ ಬ್ಯಾಡ. ಆಮೇಲೆ ನಾನ್ ಬಂದ್ ಬಡ್ದ್ ಕಾಣ್ತೆ. ಆಗ ಹೇಳ್ತೆ."

"ರೆಸಾರ್ಟಿನವ ಸೋಮವಾರ ಬರ್ತಾನ್ರಿ" ಎಂದರು ಶಾಂತವೀರಪ್ಪ. ಆಮೇಲೆ ತಾವೇ ತಲೆಯಾಡಿಸಿದರು. "ಬರ್ಲಿ. ಕಾಫಿ ಕುಡಿಸಿ ಕಳಸ್ತೀನಿ."

ಮನೆಯಲ್ಲಿ ನಿಖಿತಾ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಮೇಲೆ ಬಂದು "ಅಂಥಾದ್ದ್ ಎಂತ ಕಂಡಿ ಅಲ್ಲಿ?" ಎಂದು ಕೇಳಿದಳು. ಜಲಜಾಕ್ಷಮ್ಮ ಹೇಳಲು ಹೊರಟು, ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ, "ಒಂದ್ ಆಮೆ ಉಸಿರ್ ಬಿಟ್ಟದ್ದ್ ಕೇಣ್ತ್" ಎಂದರು. ಮಗಳು ತಾಯಿಯ ಮುಖವನ್ನೇ ನೋಡಿ ಕೆಳಗೆ ಹೋದಳು.

ಶಿವರಾತ್ರಿ ಕಳೆದ ಭಾನುವಾರ ಅವರು ಮತ್ತೆ ಗಾಳಿಮರಗಳ ಕೆಳಗೆ ನಿಂತಿದ್ದರು. ಸಾಯಿ ತೇಪೆಯ ಮೇಲೆ ನೀಲಿ ಹಚ್ಚಿದ್ದ, ಅದೊಂದೇ ಜಾಗ ಹೊಸ ಬಟ್ಟೆಯ ಹಾಗೆ ಹೊಳೆಯುತ್ತಿತ್ತು. ನಾಣ್ಯ ತಟ್ಟಿತು. ಟಣ್, ಟಣ್, ಟೊಣ್. ಸದ್ದು ಒಂದು ಮೆಟ್ಟಿಲು ಕೆಳಗಿತ್ತು, ಬೆಸುಗೆ ಹಾಕಿದ ಹಳೆಯ ಕೊಪ್ಪರಿಗೆಯ ಸದ್ದಿನಂತೆ. ಆದರೆ ಒಳಗೆ ತುಂಬಿತ್ತು, ಎಲ್ಲೂ ಬಿಟ್ಟುಕೊಂಡಿರಲಿಲ್ಲ. ಅವರು ಗೆರೆಯಿದ್ದ ಜಾಗವನ್ನು ಸುತ್ತಲೂ ಮೂರು ಸಲ ತಟ್ಟಿದರು. ಐತಾಳರು ಹಗ್ಗದ ತುದಿಯನ್ನು ಬಿಚ್ಚುವುದು, ಕಟ್ಟುವುದು ಮಾಡುತ್ತ ದೂರವೇ ನಿಂತಿದ್ದರು. ಶಾಂತವೀರಪ್ಪನವರು ಕುರ್ಚಿಯ ತುದಿಗೆ ಬಂದಿದ್ದರು.

ಜಲಜಾಕ್ಷಮ್ಮ ನಾಣ್ಯವನ್ನು ಚೀಲಕ್ಕೆ ಹಾಕಿದರು. ಲೈಫ್ ಜಾಕೆಟ್ ತೊಟ್ಟರು. ಬಲೆಯ ಮೇಲೆ ಹತ್ತಿ, ನಡುವೆ ಕೂರದೆ, ಎಡದೋಣಿಯ ಕಡೆಗೆ ಜರುಗಿ, ಹೊಸ ನೀಲಿಯ ಹತ್ತಿರ ಅಂಗೈ ಊರಿ ಕೂತರು.

"ಹೋಪ" ಎಂದರು. "ಮಾತಾಡ್ಬ್ಯಾಡಿ ಮತ್ತೆ, ನಂಗೆ ಕೇಣುಕ್ ಇತ್ತ್."